ಬೇಸ್‌ಮೆಂಟಿಗೆ ಒಸರುವ ನೀರನ್ನು ಒಳಗಿನಿಂದಲೇ ಹೊರಹಾಕುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ 30×40, 40×60 ಅಡಿ ನಿವೇಶನಗಳ ಮನೆಗಳಿಗೆ ಕಾರು ನಿಲ್ಲಿಸಲೆಂದೋ ಸಾಮಾನು ಇಡಲೆಂದೋ ಕಟ್ಟಿಸಿದ ಬೇಸ್‌ಮೆಂಟುಗಳು ಸೆಪ್ಟೆಂಬರ್ ಬಂತೆಂದರೆ ಒಸರತೊಡಗುತ್ತವೆ. ಮನೆಯವರು ಒಳಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿಸುತ್ತಾರೆ, ಮರುವರ್ಷ ಅದು ಕಿತ್ತು ಬರುತ್ತದೆ, ಇನ್ನೊಂದು ಕಂಪನಿಯ ಬಣ್ಣ ಬಳಿಸುತ್ತಾರೆ, ಅದೂ ಕಿತ್ತು ಬರುತ್ತದೆ. ಹೀಗೆ ನಾಲ್ಕನೆಯ ಸಲ ಬಳಿಸಿದ್ದ ಒಂದು ಗೋಡೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೆಲದಿಂದ ಒಂದು ಗೇಣು ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದಿದ್ದವು. ಒಂದನ್ನು ಬೀಗದ ಕೈಯಿಂದ ಚುಚ್ಚಿದಾಗ ನೀರು ಸಣ್ಣ ದಾರದಂತೆ ಚಿಮ್ಮಿ ಚಪ್ಪಲಿಯ ಮೇಲೆ ಬಿತ್ತು. ಬಣ್ಣದ ಹಿಂದೆ ನೀರು ಒತ್ತಿಕೊಂಡು ನಿಂತಿತ್ತು.

ಗೋಡೆಯ ಹೊರಮಗ್ಗುಲಿನ ಮಣ್ಣಿನಲ್ಲಿ 1 ಮೀಟರ್ ಎತ್ತರಕ್ಕೆ ನೀರು ನಿಂತರೆ, ಅದರ ಬುಡದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ ಬೀಳುತ್ತದೆ. ಒಳಮುಖಕ್ಕೆ ಬಳಿದ ಬಣ್ಣವನ್ನು ಆ ಒತ್ತಡ ಹಿಂದಿನಿಂದ ತಳ್ಳುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ತಡೆಯಲ್ಲ, ದಾರಿ. ಆ ದಾರಿಯನ್ನು ಕಟ್ಟುವಾಗಲೂ ಕೊನೆಯಿಂದ ಹಿಂದಕ್ಕೆ ಬರಬೇಕು: ನೀರು ಮನೆಯಿಂದ ಹೊರಗೆ ಎಲ್ಲಿ ಬೀಳುತ್ತದೆ ಎಂಬುದು ಮೊದಲು, ಪಂಪ್ ಕೂರುವ ಗುಂಡಿ ಆಮೇಲೆ, ಗೋಡೆಬುಡದ ಕಾಲುವೆ ಅದಾದ ಮೇಲೆ, ಗೋಡೆಯ ಹೊದಿಕೆ ಕಟ್ಟಕಡೆಗೆ. ಬಹುತೇಕರು ಇದನ್ನು ತಿರುಗಿಸಿ ಗೋಡೆಯಿಂದ ಶುರು ಮಾಡುವುದರಿಂದಲೇ ಸೋಲುತ್ತಾರೆ.

ಎರಡು ಹೆಸರುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಂಪ್ ಎಂದರೆ ಕುಡಿಯುವ ನೀರಿನ ತೊಟ್ಟಿ, ಒಳಚರಂಡಿ ಎಂದರೆ ಯುಜಿಡಿ, ಅಂದರೆ ನೆಲದಡಿಯ ಕೊಳಚೆ ಪೈಪು. ಕೆಲಸದವರಿಗೆ ಗೊಂದಲವಾಗದಿರಲೆಂದು ಈ ಬರಹದಲ್ಲಿ ಒಸರು ನೀರು ಸೇರುವ ಗುಂಡಿಯನ್ನು ‘ಪಂಪ್ ಗುಂಡಿ’ ಎಂದೂ, ಒಳಗೋಡೆಯ ಬುಡದಲ್ಲಿ ಸಾಗುವ ಕಾಲುವೆಯನ್ನು ‘ಬುಡಗಾಲುವೆ’ ಎಂದೂ ಕರೆಯುತ್ತೇನೆ.

ಹಂತ 1: ಬರುತ್ತಿರುವ ನೀರು ಯಾವುದೆಂದು ಪತ್ತೆ ಹಚ್ಚಿ

ಈ ಹಂತಕ್ಕೆ ಕನಿಷ್ಠ ಒಂದು ವಾರ ಕೊಡಿ. ಬೇಸ್‌ಮೆಂಟಿನ ನೀರು ಅಂತರ್ಜಲವೇ ಆಗಿರಬೇಕೆಂದಿಲ್ಲ. ಸಂಪ್ ಸೋರುತ್ತಿರಬಹುದು, ನೆಲದೊಳಗಿನ ಪೈಪು ಒಡೆದಿರಬಹುದು, ಯುಜಿಡಿ ಚೇಂಬರ್ ಬಿರಿದಿರಬಹುದು, ಅಥವಾ ಅದು ಸೋರಿಕೆಯೇ ಅಲ್ಲದೆ ತಣ್ಣನೆಯ ನೆಲದ ಮೇಲೆ ಗಾಳಿಯ ತೇವ ಹನಿಗಟ್ಟಿದ್ದಾಗಿರಬಹುದು. ಸಂಪ್ ಸೋರುತ್ತಿರುವ ಮನೆಯಲ್ಲಿ ಬುಡಗಾಲುವೆ ಹಾಕಿದರೆ, ದುಡ್ಡು ಕೊಟ್ಟು ತರಿಸಿದ ನೀರನ್ನೇ ಕರೆಂಟು ಸುಟ್ಟು ಬೀದಿಗೆ ಎತ್ತಿ ಹಾಕಿದಂತಾಗುತ್ತದೆ.

ಮೊದಲ ಪರೀಕ್ಷೆ ಪ್ಲಾಸ್ಟಿಕ್ ಹಾಳೆಯದು. ಎರಡು ಅಡಿ ಚೌಕದ ದಪ್ಪ ಪಾರದರ್ಶಕ ಹಾಳೆಯನ್ನು ನೆಲದ ಮೇಲೊಂದು, ಗೋಡೆಯ ಮೇಲೊಂದು ಇಟ್ಟು, ನಾಲ್ಕೂ ಅಂಚುಗಳಿಗೆ ಅಗಲವಾದ ಟೇಪು ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹಿಂಬದಿಗೆ ಕಟ್ಟಿದ್ದರೆ ತೇವ ನೆಲದಿಂದ ಅಥವಾ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಟ್ಟಿದ್ದರೆ ಅದು ಗಾಳಿಯ ತೇವ. ಗಾಳಿಯಾಟ ಸರಿಪಡಿಸಿದರೆ ಸಾಕು, ನೆಲ ಒಡೆಯಬೇಕಾಗಿಲ್ಲ.

ಎರಡನೆಯದು ಸಂಪಿನ ಪರೀಕ್ಷೆ. ರಾತ್ರಿ ಮಲಗುವ ಮುನ್ನ ಒಳಬರುವ ವಾಲ್ವ್ ಮುಚ್ಚಿ, ಮೋಟಾರಿನ ಸ್ವಿಚ್ ಆರಿಸಿ, ಉದ್ದನೆಯ ಕೋಲನ್ನು ಸಂಪಿನ ತಳ ಮುಟ್ಟುವಂತೆ ನೇರವಾಗಿ ಇಳಿಸಿ, ಒದ್ದೆಯಾದ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಬೇರೆಲ್ಲವನ್ನೂ ಬಿಟ್ಟು ಸಂಪ್ ದುರಸ್ತಿ ಮಾಡಿಸಿ. ಮಟ್ಟ ಏರಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ: ಹೊರಗಿನ ಒಸರು ನಿಮ್ಮ ಕುಡಿಯುವ ನೀರಿಗೆ ಸೇರುತ್ತಿದೆ, ಆ ನೀರನ್ನು ಬಳಸುವುದನ್ನು ಅಂದೇ ನಿಲ್ಲಿಸಬೇಕು. ಈ ಪರೀಕ್ಷೆಗೆಂದು ಯಾರೂ ಸಂಪಿನೊಳಗೆ ಇಳಿಯಕೂಡದು. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಜನ ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ.

ಮೂರನೆಯದು ನೀರಿನ ಗುಣ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಿಂದ ಬೇಸ್‌ಮೆಂಟಿನ ನೀರು, ನಲ್ಲಿಯ ಕಾವೇರಿ ನೀರು, ಬೋರ್‌ವೆಲ್ ನೀರು, ಮೂರನ್ನೂ ಅಳೆದು ಬರೆದಿಡಿ. ಕಾವೇರಿ ನೀರಿನ ಅಂಕಿ ಬೋರ್‌ವೆಲ್ ನೀರಿನದಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತದೆ. ಒಸರುವ ನೀರಿನ ಅಂಕಿ ಕಾವೇರಿಯದಕ್ಕೆ ಹತ್ತಿರವಿದ್ದು, ಮಳೆಯಿಲ್ಲದ ವಾರಗಳಲ್ಲೂ ಒಂದೇ ಸಮನೆ ಬರುತ್ತಿದ್ದರೆ ಪೈಪಿನ ಮೇಲೆ ಅನುಮಾನ ಪಡಿ. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ಹೊಸದಾಗಿ ಇಂಗಿದ ಮಳೆನೀರಿನ ಅಂಕಿಯೂ ಕಡಿಮೆಯೇ ಇರುತ್ತದೆ. ನೀರಿಗೆ ಕೊಳಕು ವಾಸನೆಯಿದ್ದರೆ ಅಥವಾ ನೊರೆ ಬರುತ್ತಿದ್ದರೆ ಮೊದಲು ಯುಜಿಡಿ ಲೈನನ್ನು ನೋಡಿಸಿ.

ಕೊನೆಯದಾಗಿ, ಮಳೆಗಾಲ ಮುಗಿಯುವ ಮುನ್ನ ಗೋಡೆ ಮತ್ತು ನೆಲದ ಮೇಲೆ ಒದ್ದೆಯ ಅಂಚನ್ನು ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯಿರಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗುರುತು ಹಾಕಿ, ಜನವರಿಯಿಂದ ಮಾರ್ಚಿನೊಳಗೆ ಕಾಲುವೆ ಅಗೆಯುವುದು ಒಳ್ಳೆಯ ಕ್ರಮ. ಬೇಸಿಗೆಯಲ್ಲಿ ಒಣಗಿದ ಗೋಡೆಯನ್ನು ನೋಡಿ ಅಂದಾಜು ಕಟ್ಟುವ ಗುತ್ತಿಗೆದಾರನಿಗೆ ನೀರು ಎಲ್ಲಿಂದ ಬರುತ್ತದೆಂಬುದೇ ತಿಳಿದಿರುವುದಿಲ್ಲ.

ಹಂತ 2: ಹೊರಗಿನ ನೀರನ್ನು ಹೊರಗೇ ತಿರುಗಿಸಿ

1 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30×40 ನಿವೇಶನವೆಂದರೆ ಸುಮಾರು 111 ಚದರ ಮೀಟರ್. 2022ರ ಸೆಪ್ಟೆಂಬರ್ 4-5ರ ನಡುವೆ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಬಿತ್ತು. ಆ ಲೆಕ್ಕದಲ್ಲಿ ಇಂಥ ಒಂದು ನಿವೇಶನದ ಮೇಲೆ ಬಿದ್ದದ್ದು ಸುಮಾರು 14,600 ಲೀಟರ್, ಅಂದರೆ 6,000 ಲೀಟರಿನ ಎರಡಕ್ಕಿಂತ ಹೆಚ್ಚು ಟ್ಯಾಂಕರ್ ನೀರು. ತಾರಸಿಯ ಪೈಪು ಬೇಸ್‌ಮೆಂಟ್ ಗೋಡೆಯ ಬುಡದಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ ಅಷ್ಟು ನೀರಿನ ದೊಡ್ಡ ಪಾಲು ಗೋಡೆಯ ಹಿಂದಕ್ಕೆ ಇಳಿಯುತ್ತದೆ.

ಬೇಸ್‌ಮೆಂಟ್ ಕಟ್ಟುವಾಗ ಗಟ್ಟಿ ಮಣ್ಣನ್ನೋ ಕೊಳೆತ ಬಂಡೆಯನ್ನೋ ಅಗೆದು ಗುಂಡಿ ಮಾಡಿ, ಗೋಡೆ ಎದ್ದ ಮೇಲೆ ಸುತ್ತಲಿನ ಸಂದಿಗೆ ಸಡಿಲ ಮಣ್ಣು ಸುರಿದಿರುತ್ತಾರೆ. ಗಟ್ಟಿ ನೆಲದ ನಡುವೆ ಇರುವ ಈ ಸಡಿಲ ಮಣ್ಣು ಬೋಗುಣಿಯಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ಎರಡು-ಮೂರು ವಾರ ಕಳೆದರೂ ಒಸರು ನಿಲ್ಲದಿರುವುದಕ್ಕೆ ಇದು ಸಾಮಾನ್ಯ ಕಾರಣ. ಆದ್ದರಿಂದ ತಾರಸಿಯ ಪೈಪನ್ನು ಕನಿಷ್ಠ 2 ಮೀಟರಾದರೂ ಆಚೆಗೆ ಮುಂದುವರಿಸಿ, ಸೆಟ್‌ಬ್ಯಾಕಿನ (ಮನೆಯ ಸುತ್ತ ಬಿಟ್ಟ ಖಾಲಿ ಜಾಗದ) ನೆಲಕ್ಕೆ ಗೋಡೆಯಿಂದ ಹೊರಮುಖವಾಗಿ ವಾಟ (ಇಳಿಜಾರು) ಕೊಡಿಸಿ, ನೆಲ ಮತ್ತು ಗೋಡೆ ಸೇರುವ ಬಿರುಕನ್ನು ತುಂಬಿಸಿ. ರ‍್ಯಾಂಪಿನ ಬುಡದಲ್ಲಿ ಅಡ್ಡಗಾಲುವೆ ಮತ್ತು ಜಾಲರಿ ಇಲ್ಲದಿದ್ದರೆ ಹಾಕಿಸಿ.

ಇಂಗುಗುಂಡಿಯ ವಿಷಯ ಇಲ್ಲಿ ಹೇಳಲೇಬೇಕು. ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಅನೇಕರು ಜಾಗವಿಲ್ಲವೆಂದು ಇಂಗುಗುಂಡಿಯನ್ನು ಬೇಸ್‌ಮೆಂಟ್ ಗೋಡೆಗೆ ಮೂರು-ನಾಲ್ಕು ಅಡಿ ದೂರದಲ್ಲೇ ತೋಡಿಸಿದ್ದಾರೆ. ಇಂಗಿಸುವುದು ಒಳ್ಳೆಯ ಕೆಲಸ, ಅದನ್ನು ಮುಚ್ಚಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಇಂಗುಗುಂಡಿ ತುಂಬಿದ ದಿನವೇ ಗೋಡೆ ಒಸರುತ್ತಿದ್ದರೆ, ತಾರಸಿಯ ನೀರನ್ನು ಮೊದಲು ಸಂಪಿಗೆ ಅಥವಾ ಬೇರೆ ತೊಟ್ಟಿಗೆ ತುಂಬಿಸಿ, ಹೆಚ್ಚಾದದ್ದನ್ನು ಮಾತ್ರ ನಿವೇಶನದ ದೂರದ ಮೂಲೆಯಲ್ಲಿ ಇಂಗಿಸುವಂತೆ ಬದಲಾಯಿಸಬೇಕು. ಗುಂಡಿಗೆ ಬಣ್ಣ ಹಾಕಿ ಪರೀಕ್ಷಿಸುವವರಿದ್ದಾರೆ. ಬಣ್ಣ ಒಳಗೆ ಬಂದರೆ ಸಂಬಂಧ ಖಚಿತ. ಬಾರದಿದ್ದರೆ ಏನೂ ಸಾಬೀತಾಗುವುದಿಲ್ಲ, ಮಣ್ಣೇ ಬಣ್ಣವನ್ನು ಹೀರಿಕೊಂಡಿರಬಹುದು.

ಇಷ್ಟು ಮಾಡಿ ಒಂದು ಮಳೆಗಾಲ ನೋಡಿದರೆ ಕೆಲವು ಮನೆಗಳಲ್ಲಿ ಮುಂದಿನ ಹಂತಗಳೇ ಬೇಕಾಗುವುದಿಲ್ಲ.

ಹಂತ 3: ನೆಲ ಒಡೆಯುವ ಮೊದಲು ಅದು ಯಾವ ನೆಲವೆಂದು ತಿಳಿಯಿರಿ

ಈ ಇಡೀ ಬರಹದಲ್ಲಿ ಅತಿ ಮುಖ್ಯವಾದ ಎಚ್ಚರಿಕೆ ಇದು. ಕೆಲವು ಮನೆಗಳಲ್ಲಿ ಕಂಬಗಳಿಗೆ ಬಿಡಿ ಬಿಡಿ ಫೂಟಿಂಗ್ (ಭಾರ ಹೊರುವ ಅಡಿಪಾಯದ ಪಾದ) ಇದ್ದು, ಅವುಗಳ ನಡುವೆ ನಾಲ್ಕೈದು ಇಂಚಿನ ಸಾದಾ ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್) ನೆಲವಿರುತ್ತದೆ. ಅದನ್ನು ಎಚ್ಚರದಿಂದ ಕತ್ತರಿಸಬಹುದು. ಇನ್ನು ಕೆಲವು ಮನೆಗಳಲ್ಲಿ, ಅದರಲ್ಲೂ ಕೆರೆಯಂಗಳ, ಅಚ್ಚುಕಟ್ಟು, ರಾಜಕಾಲುವೆಯ ಆಸುಪಾಸಿನ ಬಡಾವಣೆಗಳಲ್ಲಿ, ನೆಲವೇ ಕಂಬಿ ಕಟ್ಟಿದ ರಾಫ್ಟ್ ಆಗಿರುತ್ತದೆ ಮತ್ತು ಇಡೀ ಮನೆಯ ಭಾರ ಅದರ ಮೇಲಿರುತ್ತದೆ. ರಾಫ್ಟನ್ನು ಕತ್ತರಿಸಕೂಡದು, ತೂತು ಕೊರೆಯಕೂಡದು. ಕಂಬಿ ತುಂಡಾದರೆ ಅಡಿಪಾಯವೇ ದುರ್ಬಲವಾಗುತ್ತದೆ. ಜೊತೆಗೆ ಅಡಿಯಲ್ಲಿ ಒತ್ತಿಕೊಂಡಿರುವ ನೀರು ತೂತಿನಿಂದ ಮೇಲೆ ನುಗ್ಗಿದರೆ ಅದನ್ನು ಮುಚ್ಚುವುದು ಬಹಳ ಕಷ್ಟ.

ಮನೆಯ ಸ್ಟ್ರಕ್ಚರಲ್ ನಕ್ಷೆ ಇದ್ದರೆ ಸಂಶಯವಿಲ್ಲದೆ ತಿಳಿಯುತ್ತದೆ. ಇಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಅವರಿಗೆ ಕೊಡುವ ಶುಲ್ಕ ಈ ಕೆಲಸದ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ‘ಪಿಸಿಸಿನೇ ಸಾರ್’ ಎಂದರೆ ಅದನ್ನು ನಂಬಿ ಕಟರ್ ಇಡಬೇಡಿ.

ಗೋಡೆಯನ್ನೂ ಅದೇ ಸಮಯದಲ್ಲಿ ತೋರಿಸಿ. ಗೋಡೆಯ ಮಧ್ಯದಲ್ಲಿ ಅಡ್ಡಲಾಗಿ ಸಾಗಿದ ಬಿರುಕು, ಒಳಮುಖವಾಗಿ ಉಬ್ಬಿದ ಬ್ಲಾಕ್ ಗೋಡೆ, ಬುಡದಲ್ಲಿ ಒಳಕ್ಕೆ ಜರುಗಿದ ಸೈಜುಗಲ್ಲಿನ ವರಸೆ, ಇವು ನೀರಿನ ಸಮಸ್ಯೆಗಿಂತ ದೊಡ್ಡವು. ಇಂಥ ಗೋಡೆಯ ಬುಡದಲ್ಲಿ ಕಾಲುವೆ ಅಗೆದರೆ ಗೋಡೆಯೇ ಕುಸಿಯಬಹುದು.

ನೆಲ ರಾಫ್ಟ್ ಆಗಿದ್ದರೆ ಕಾಲುವೆಯನ್ನು ಅದರ ಮೇಲೆಯೇ ಕಟ್ಟಬೇಕು. ಗೋಡೆಯ ಉದ್ದಕ್ಕೂ 15 ಸೆಂ.ಮೀ. ಅಗಲದ ಜಾಗ ಬಿಟ್ಟು, ಉಳಿದ ನೆಲವನ್ನೆಲ್ಲ 7ರಿಂದ 10 ಸೆಂ.ಮೀ. ಎತ್ತರಿಸಿದರೆ ಬಿಟ್ಟ ಜಾಗವೇ ಕಾಲುವೆಯಾಗುತ್ತದೆ. ಎತ್ತರಿಸುವ ಈ ಹೆಚ್ಚುವರಿ ಭಾರಕ್ಕೂ ಎಂಜಿನಿಯರ್ ಒಪ್ಪಿಗೆ ಬೇಕು. ಕಾಲುವೆಯ ತಳಕ್ಕೆ ಗಾರೆಯಿಂದ ವಾಟ ಕೊಟ್ಟು, ತಗ್ಗಿನ ಮೂಲೆಯಲ್ಲಿ ಚಪ್ಪಟೆ ತಳದಿಂದ ನೀರೆಳೆಯುವ ಸಣ್ಣ ಪಂಪ್ ಇಟ್ಟರೆ ಕೆಲವೇ ಮಿಲಿಮೀಟರ್ ನೀರು ಉಳಿಯುವಷ್ಟು ಖಾಲಿಯಾಗುತ್ತದೆ. ಮುಂದಿನ ಅಗೆತದ ಹಂತಗಳು ಪಿಸಿಸಿ ನೆಲವಿರುವ ಮನೆಗಳಿಗೆ ಮಾತ್ರ.

ಹಂತ 4: ನೀರು ಕೊನೆಗೆ ಬೀಳುವ ಜಾಗವನ್ನು ನಿಗದಿ ಮಾಡಿ

ಪಂಪಿನಿಂದ ಹೊರಬಂದ ನೀರನ್ನು ಯುಜಿಡಿಗೆ ಬಿಡಕೂಡದು. ಅದು ನಿಯಮಕ್ಕೆ ವಿರುದ್ಧ. ಅಲ್ಲದೆ ಜೋರು ಮಳೆಯಲ್ಲಿ ಯುಜಿಡಿ ತುಂಬಿದಾಗ ಕೊಳಕು ನೀರು ಅದೇ ದಾರಿಯಲ್ಲಿ ಮನೆಗೆ ಹಿಂತಿರುಗುತ್ತದೆ. ಮನೆಯ ಪಕ್ಕದ ಇಂಗುಗುಂಡಿಗೂ ಬಿಡಬೇಡಿ, ಅದೇ ನೀರು ಸುತ್ತಿಕೊಂಡು ಮತ್ತೆ ಒಳಗೆ ಬರುತ್ತದೆ. ರಸ್ತೆಬದಿಯ ಮಳೆನೀರು ಮೋರಿಯೇ ಸರಿಯಾದ ಜಾಗ. ಪೈಪಿನ ಬಾಯಿ ಮೋರಿ ತುಂಬಿ ಹರಿಯುವ ಮಟ್ಟಕ್ಕಿಂತ ಮೇಲಿರಲಿ. ನಿಮ್ಮ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದು ಗೇಟಿನ ಕಂಬದ ಮೇಲಿನ ಕೆಸರಿನ ಗೆರೆಯಿಂದ ತಿಳಿಯುತ್ತದೆ. ಮೇಲಿಡಲು ಸಾಧ್ಯವಿಲ್ಲದಿದ್ದರೆ ಬಾಯಿಗೆ ಒಮ್ಮುಖ ಮುಚ್ಚಳ ಹಾಕಿಸಿ.

ನೀರು ಸ್ವಚ್ಛವಾಗಿದ್ದು ಯುಜಿಡಿಯ ಸೋಂಕಿಲ್ಲವೆಂದು ಖಚಿತವಾದರೆ, ಅದನ್ನು ಬೇರೆ ಡ್ರಮ್ಮಿಗೆ ಎತ್ತಿ ಗಿಡಗಳಿಗೆ, ಕಾರು ತೊಳೆಯಲು ಬಳಸಬಹುದು. ಕುಡಿಯುವ ನೀರಿನ ಸಂಪಿಗೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ.

ಹಂತ 5: ಪಂಪ್ ಗುಂಡಿ ತೋಡಿ, ಎರಡು-ಮೂರು ವಾರ ಕಾಯಿರಿ

ಒದ್ದೆ ಹೆಚ್ಚಾಗಿರುವ ಗೋಡೆಗೆ ಹತ್ತಿರ, ಆದರೆ ಕಂಬಗಳ ಫೂಟಿಂಗಿನಿಂದ ದೂರ ಇರುವಂತೆ ಜಾಗ ಆರಿಸಿ. ಗುಂಡಿಯು ಫೂಟಿಂಗಿನ ತಳಕ್ಕಿಂತ ಎಷ್ಟು ಆಳಕ್ಕೆ ಹೋಗುತ್ತದೋ ಕನಿಷ್ಠ ಅಷ್ಟು, ಸಾಧ್ಯವಾದರೆ ಅದರ ಒಂದೂವರೆ ಪಟ್ಟು ದೂರ ಫೂಟಿಂಗಿನ ಅಂಚಿನಿಂದ ಇರಲಿ. 60 ಸೆಂ.ಮೀ. ಒಳವ್ಯಾಸದ ಸಿಮೆಂಟ್ ರಿಂಗು ಸಾಮಾನ್ಯ ಮನೆಗೆ ಸಾಕು. ತಳ ನೆಲಮಟ್ಟದಿಂದ ಸುಮಾರು 1 ಮೀಟರ್ ಕೆಳಗಿರಬೇಕು. ರಿಂಗಿನ ಸುತ್ತ ತೂತುಗಳಿರಲಿ, ಹೊರಮೈಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ರಿಂಗು ಮತ್ತು ಮಣ್ಣಿನ ನಡುವೆ ಹಾಗೂ ತಳದಲ್ಲಿ 15 ಸೆಂ.ಮೀ. ತೊಳೆದ 20 ಮಿ.ಮೀ. ಜಲ್ಲಿ ತುಂಬಿಸಿ. ಬಟ್ಟೆ ಇಲ್ಲದೆ ಜಲ್ಲಿ ಹಾಕಿದರೆ ನಮ್ಮ ಕೆಂಪು ಮಣ್ಣಿನ ಸಣ್ಣ ಕಣಗಳು ಬಂದು ಗುಂಡಿ ತುಂಬಿಕೊಳ್ಳುತ್ತದೆ.

ಈ ಗುಂಡಿಯೊಂದನ್ನು ಮಳೆಗಾಲದ ಕೊನೆಯಲ್ಲಿ, ಒಸರು ಇನ್ನೂ ಇರುವಾಗಲೇ ತೋಡಿಸಿ. ತಾತ್ಕಾಲಿಕ ಪಂಪ್ ಇಟ್ಟು ಎರಡು-ಮೂರು ವಾರ ನೋಡಿದರೆ ಎರಡು ಲಾಭ. ಕೆಲವು ಮನೆಗಳಲ್ಲಿ ಗುಂಡಿಯೊಂದರಿಂದಲೇ ನೆಲದಡಿಯ ನೀರು ಇಳಿದು ಬೇಸ್‌ಮೆಂಟ್ ಒಣಗುತ್ತದೆ, ಬುಡಗಾಲುವೆಯ ಖರ್ಚು ಉಳಿಯುತ್ತದೆ. ಒಣಗದಿದ್ದರೂ ಒಳಹರಿವನ್ನು ಅಳೆಯಲು ಅವಕಾಶ ಸಿಗುತ್ತದೆ.

ಅಳೆಯುವುದು ಸುಲಭ. ಗುಂಡಿ ಖಾಲಿ ಮಾಡಿ, ಪಂಪ್ ನಿಲ್ಲಿಸಿ, ಅಳತೆಪಟ್ಟಿ ನಿಲ್ಲಿಸಿ ಗಡಿಯಾರ ನೋಡಿ. 60 ಸೆಂ.ಮೀ. ವ್ಯಾಸದ ಗುಂಡಿಯಲ್ಲಿ ಪ್ರತಿ 10 ಸೆಂ.ಮೀ.ಗೆ ಸುಮಾರು 28 ಲೀಟರ್ ಹಿಡಿಯುತ್ತದೆ. 5 ನಿಮಿಷಕ್ಕೆ 15 ಸೆಂ.ಮೀ. ಏರಿದರೆ ಅದು ಸುಮಾರು 42 ಲೀಟರ್, ಅಂದರೆ ಗಂಟೆಗೆ 500 ಲೀಟರಿನಷ್ಟು. ಜೋರು ಮಳೆಯ ಮಾರನೆಯ ದಿನ ಮತ್ತೆ ಅಳೆದು, ದೊಡ್ಡ ಅಂಕಿಯನ್ನೇ ಮುಂದಿನ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೇಸ್‌ಮೆಂಟಿನಲ್ಲಿ ಆಗಲೇ ಮೊಣಕಾಲು ಮಟ್ಟ ಮೀರಿ ನೀರು ನಿಂತಿದ್ದರೆ ಅದನ್ನು ಒಂದೇ ಸಲ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒಳಕ್ಕೆ ತಳ್ಳುತ್ತಿರುವಾಗ, ಒಳಗಿನ ನೀರು ಅದಕ್ಕೆ ಎದುರು ಒತ್ತಡ ಕೊಡುತ್ತಿರುತ್ತದೆ. ದಿನಕ್ಕೆ ಮೂರನೆಯ ಒಂದು ಭಾಗದಂತೆ ಇಳಿಸುತ್ತ, ಗೋಡೆಯ ಗುರುತುಗಳನ್ನು ನೋಡುತ್ತ ಬನ್ನಿ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನೂ ಜನರೇಟರನ್ನೂ ಬೇಸ್‌ಮೆಂಟಿನೊಳಗೆ ಚಾಲೂ ಮಾಡಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ.

ಹಂತ 6: ಬುಡಗಾಲುವೆ ಅಗೆದು ಪೈಪು ಕೂರಿಸಿ

ಬೇಕಾದ ಸಲಕರಣೆಗಳನ್ನು ಮೊದಲೇ ಜೋಡಿಸಿಕೊಳ್ಳಿ. ನೆಲ ಕತ್ತರಿಸುವ ಡೈಮಂಡ್ ಬ್ಲೇಡಿನ ಯಂತ್ರ ಮತ್ತು ಬ್ರೇಕರ್ ದಿನದ ಬಾಡಿಗೆಗೆ ಸಿಗುತ್ತವೆ. ಉಳಿದಂತೆ ಹಾರೆ, ಗುದ್ದಲಿ, ಬಾಂಡ್ಲಿ, ಕರಣೆ, ಮಟ್ಟ ನೋಡುವ ನೀರಿನ ಟ್ಯೂಬು, ಲೈನ್‌ದಾರ ಸಾಕು. ಕತ್ತರಿಸುವವರಿಗೆ ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಒಳ್ಳೆಯ ದೂಳಿನ ಮಾಸ್ಕ್ ಕೊಡಲೇಬೇಕು. ಮುಚ್ಚಿದ ಬೇಸ್‌ಮೆಂಟಿನಲ್ಲಿ ಕಾಂಕ್ರೀಟ್ ದೂಳು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳು ಮಾಡುತ್ತದೆ, ಟವೆಲ್ ಕಟ್ಟಿಕೊಂಡರೆ ಸಾಲದು. ಒದ್ದೆ ನೆಲದಲ್ಲಿ ವಿದ್ಯುತ್ ಯಂತ್ರ ಬಳಸುವುದರಿಂದ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಲೈನಿನಿಂದಲೇ ಕರೆಂಟು ಕೊಡಿಸಿ.

ಅಳತೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಒಳಗೆ 20×30 ಅಡಿಯ ಬೇಸ್‌ಮೆಂಟಿನ ಸುತ್ತಳತೆ 100 ಅಡಿ. ಪಂಪ್ ಗುಂಡಿ ಒಂದು ಮೂಲೆಯಲ್ಲಿದ್ದರೆ ಎದುರು ಮೂಲೆಯಿಂದ ಎರಡು ಕವಲುಗಳು ತಲಾ 50 ಅಡಿ, ಅಂದರೆ ಸುಮಾರು 15 ಮೀಟರ್ ಸಾಗಿ ಗುಂಡಿ ಸೇರುತ್ತವೆ. ಮೀಟರಿಗೆ 1 ಸೆಂ.ಮೀ. ವಾಟ ಕೊಟ್ಟರೆ ಒಟ್ಟು ಇಳಿತ 15 ಸೆಂ.ಮೀ. ದೂರದ ಮೂಲೆಯಲ್ಲಿ ಪೈಪಿನ ತಳ ನೆಲಮಟ್ಟದಿಂದ 25 ಸೆಂ.ಮೀ. ಕೆಳಗಿದ್ದರೆ ಗುಂಡಿಯ ಬಳಿ 40 ಸೆಂ.ಮೀ. ಕೆಳಗಿರುತ್ತದೆ. ಫೂಟಿಂಗ್ ಅಷ್ಟು ಆಳವಿಲ್ಲದಿದ್ದರೆ ವಾಟವನ್ನು ಅರ್ಧಕ್ಕೆ ಇಳಿಸಬಹುದು. ಕಾಲುವೆಯ ತಳ ಮಾತ್ರ ಎಲ್ಲಿಯೂ ಗೋಡೆಯ ಫೂಟಿಂಗಿನ ತಳಕ್ಕಿಂತ ಕೆಳಗೆ ಹೋಗಕೂಡದು.

ಗೋಡೆಯಿಂದ ಒಳಕ್ಕೆ 30 ಸೆಂ.ಮೀ. ಅಗಲದ ಪಟ್ಟಿಯನ್ನು ಯಂತ್ರದಿಂದ ನೇರವಾಗಿ ಕತ್ತರಿಸಿ, ಆಮೇಲೆ ಬ್ರೇಕರ್ ಬಳಸಿ. ಕತ್ತರಿಸದೆ ಬ್ರೇಕರಿನಿಂದಲೇ ಒಡೆದರೆ ಉಳಿದ ನೆಲವೂ ಬಿರುಕು ಬಿಡುತ್ತದೆ. ಇಡೀ ಗೋಡೆಯ ಉದ್ದಕ್ಕೂ ಒಮ್ಮೆಲೇ ಅಗೆಯಬೇಡಿ. ನೆಲವು ಗೋಡೆಯ ಬುಡಕ್ಕೆ ಒತ್ತಾಗಿ ನಿಂತಿರುತ್ತದೆ. ಆ ಒತ್ತನ್ನು ಪೂರ್ತಿ ತೆಗೆದರೆ ಸೈಜುಗಲ್ಲಿನ ಹಳೆಯ ಗೋಡೆ ಜರುಗಬಹುದು. ನಾಲ್ಕೈದು ಅಡಿ ಅಗೆದು, ಪೈಪು-ಜಲ್ಲಿ ತುಂಬಿ, ನಂತರ ಮುಂದಿನ ತುಂಡಿಗೆ ಹೋಗಿ.

ಜೋಡಣೆಯ ಕ್ರಮ ಹೀಗಿದೆ. ಕಾಲುವೆಯ ತಳ ಮತ್ತು ಬದಿಗಳಿಗೆ ಜಿಯೊಟೆಕ್ಸ್‌ಟೈಲ್ ಹಾಸಿ, ಮೇಲೆ ಮಡಚಲು ಎರಡೂ ಕಡೆ ಉಳಿಸಿಕೊಳ್ಳಿ. 5 ಸೆಂ.ಮೀ. ತೊಳೆದ ಜಲ್ಲಿ ಹರಡಿ ಮಟ್ಟ ನೋಡಿ. ತೂತುಗಳಿರುವ 110 ಮಿ.ಮೀ. ಪಿವಿಸಿ ಪೈಪನ್ನು ಅದರ ಮೇಲೆ ಕೂರಿಸಿ. ತೂತುಗಳು ಕೆಳಮುಖವಾಗಿರಬೇಕು, ಗಡಿಯಾರದ 4 ಮತ್ತು 8ರ ದಿಕ್ಕಿನಲ್ಲಿ. ನಮ್ಮ ಪ್ಲಂಬರುಗಳು ನೀರು ಮೇಲಿನಿಂದ ಬೀಳುತ್ತದೆಂದು ಭಾವಿಸಿ ತೂತುಗಳನ್ನು ಮೇಲ್ಮುಖವಾಗಿ ಇಡುವುದನ್ನು ಬಹಳ ಕಡೆ ಕಂಡಿದ್ದೇನೆ. ನೀರು ಕೆಳಗಿನಿಂದ ಏರಿ ಬರುತ್ತದೆ. ತೂತು ಮೇಲಿದ್ದರೆ ಪೈಪು ಮುಳುಗುವವರೆಗೂ ಕೆಲಸ ಮಾಡುವುದಿಲ್ಲ. ಪೈಪಿನ ಸುತ್ತ ಮತ್ತು ಮೇಲೆ ಜಲ್ಲಿ ತುಂಬಿ, ಬಟ್ಟೆಯನ್ನು ಮಡಚಿ ಮುಚ್ಚಿ. ಜಲ್ಲಿಯ ಬದಲು ಎಂ-ಸ್ಯಾಂಡ್, ಕ್ರಷರ್ ದೂಳು, ಒಡೆದ ಕಾಂಕ್ರೀಟಿನ ಚೂರು ಹಾಕಲು ಬಿಡಬೇಡಿ.

ಪ್ರತಿ ಮೂಲೆಯಲ್ಲೂ ನೆಲಮಟ್ಟದವರೆಗೆ ಒಂದು ನಿಲುವು ಪೈಪು ಎತ್ತಿ ತಿರುಪಿನ ಮುಚ್ಚಳ ಹಾಕಿಸಿ. ಮುಂದೆ ಪೈಪು ಕಟ್ಟಿಕೊಂಡಾಗ ನೀರು ನುಗ್ಗಿಸಿ ತೊಳೆಯಲು ಬೇರೆ ದಾರಿ ಇರುವುದಿಲ್ಲ. ಮೂಲೆಯಲ್ಲಿ 90 ಡಿಗ್ರಿಯ ಒಂದು ಬೆಂಡಿನ ಬದಲು 45 ಡಿಗ್ರಿಯ ಎರಡು ಬೆಂಡು ಹಾಕಿದರೆ ತೊಳೆಯುವ ಕೊಳವೆ ಸರಾಗವಾಗಿ ತಿರುಗುತ್ತದೆ.

ಹಂತ 7: ಗೋಡೆಯ ನೀರನ್ನು ಕಾಲುವೆಗೆ ಇಳಿಸಿ

ಹಳೆಯ ಬಣ್ಣ, ಪುಟ್ಟಿ, ಪೊಳ್ಳಾದ ಗಾರೆ ಎಲ್ಲವನ್ನೂ ಕಿತ್ತು ತೆಗೆಯಿರಿ. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಕೆಳಗಿನ ವರಸೆಯ ಪ್ರತಿ ಟೊಳ್ಳಿಗೂ ಒಂದು ಸಣ್ಣ ತೂತು ಕೊರೆದು ಒಳಗೆ ನಿಂತ ನೀರನ್ನು ಬಿಡಿಸಿ. ಆರ್‌ಸಿಸಿ (ಕಂಬಿ ಕಟ್ಟಿದ ಕಾಂಕ್ರೀಟ್) ಗೋಡೆಗೆ ಹೀಗೆ ಕೊರೆಯಬೇಡಿ. ನಂತರ ಉಬ್ಬುಗಳಿರುವ ಎಚ್‌ಡಿಪಿಇ ಡಿಂಪಲ್ ಶೀಟನ್ನು ಉಬ್ಬುಗಳು ಗೋಡೆಯ ಕಡೆಗೆ ಬರುವಂತೆ ಹೊದಿಸಿ, ಅದರ ಕೆಳ ಅಂಚನ್ನು ಬುಡಗಾಲುವೆಯ ಜಲ್ಲಿಯವರೆಗೆ ಇಳಿಸಿ. ಗೋಡೆಯಿಂದ ಒಸರಿದ ನೀರು ಉಬ್ಬುಗಳ ನಡುವಿನ ಸಂದಿಯಲ್ಲಿ ಇಳಿದು ಕಾಲುವೆ ಸೇರುತ್ತದೆ. ಶೀಟಿನ ಮುಂದೆ ಜಿಪ್ಸಮ್ ಅಥವಾ ಪ್ಲೈವುಡ್ ಕೂರಿಸದೆ ಸಿಮೆಂಟ್ ಬೋರ್ಡ್ ಹಾಕಿಸುವುದು ಕ್ಷೇಮ.

ಪಾಲಿಯುರೆಥೇನ್ ಇಂಜೆಕ್ಷನ್ (ಬಿರುಕಿನೊಳಗೆ ಒತ್ತಡದಿಂದ ರಾಳ ತುಂಬುವುದು) ಬಗ್ಗೆ ಬಹಳ ಜನ ಕೇಳುತ್ತಾರೆ. ಆರ್‌ಸಿಸಿ ಗೋಡೆಯ ಒಂದೇ ಬಿರುಕಿಗೆ, ಪೈಪು ಗೋಡೆ ದಾಟುವ ಒಂದು ಜಾಗಕ್ಕೆ ಅದು ಸರಿಯಾದ ಪರಿಹಾರ. ಇಡೀ ಗೋಡೆಯ ಹಿಂದೆ ನೀರು ಒತ್ತಿಕೊಂಡಿರುವಾಗ ಒಂದು ಕಡೆ ಮುಚ್ಚಿದರೆ ಅದು ಮುಂದಿನ ದುರ್ಬಲ ಜಾಗದಲ್ಲಿ ಹೊರಬರುತ್ತದೆ.

ಹಂತ 8: ಕಾಂಕ್ರೀಟ್ ಹಾಕುವ ಮೊದಲು ನೀರು ಸುರಿದು ನೋಡಿ

ದೂರದ ಮೂಲೆಯ ನಿಲುವು ಪೈಪಿಗೆ 200 ಲೀಟರಿನ ಒಂದು ಡ್ರಮ್ ನೀರನ್ನು ನಿಧಾನವಾಗಿ ಬಿಡಿ. ಒಬ್ಬರು ಗುಂಡಿಯ ಬಳಿ ಟಾರ್ಚ್ ಹಿಡಿದು ಕೂರಲಿ. ಮೊದಲು ಜಲ್ಲಿಯ ದೂಳಿನ ಬೂದು ನೀರು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಕೆಂಪಾಗಿಯೇ ಬರುತ್ತಿದ್ದರೆ ಬಟ್ಟೆ ಎಲ್ಲೋ ಹರಿದಿದೆ. ಸುರಿದದ್ದರಲ್ಲಿ ಒಂದಷ್ಟು ಮಣ್ಣಿಗೆ ಇಂಗುವುದು ಸಹಜ, ಆದರೆ ಗುಂಡಿಗೆ ಏನೂ ಬಾರದಿದ್ದರೆ ವಾಟ ತಪ್ಪಿದೆ ಎಂದೇ ತಿಳಿಯಿರಿ. ಎರಡು ಕವಲುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಅಂದು ಕಾಂಕ್ರೀಟ್ ಕೆಲಸದವರನ್ನು ಕರೆಸಲೇಬೇಡಿ. ಅವರು ಕಾಯುತ್ತ ನಿಂತಿದ್ದರೆ ಪರೀಕ್ಷೆ ಅವಸರದಲ್ಲಿ ಮುಗಿಯುತ್ತದೆ.

ಸರಿಯೆನಿಸಿದ ಮೇಲೆ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿನಿಂದ ಮುಚ್ಚಿ, ಕನಿಷ್ಠ 7 ದಿನ ಕ್ಯೂರಿಂಗ್ ಮಾಡಿ. ಡಿಂಪಲ್ ಶೀಟಿನ ಹಿಂದಿನ ಸಂದಿಗೆ ಕಾಂಕ್ರೀಟ್ ಹಾಲು ಇಳಿಯದಂತೆ ಅಂಚಿಗೆ ಟೇಪು ಅಂಟಿಸಿರಬೇಕು. ಈ ಸಂದಿ ಮುಚ್ಚಿಹೋದರೆ ಗೋಡೆಯ ನೀರು ಹಿಂದಿನಂತೆಯೇ ನೆಲದ ಮೇಲೆ ಹರಿಯುತ್ತದೆ.

ಹಂತ 9: ಪಂಪ್ ಮತ್ತು ವಿದ್ಯುತ್

ನೀರಿನ ಮಟ್ಟದೊಂದಿಗೆ ಏರಿಳಿದು ಪಂಪನ್ನು ತಾನಾಗಿಯೇ ಆನ್-ಆಫ್ ಮಾಡುವ ಫ್ಲೋಟ್ ಸ್ವಿಚ್ ಇರುವ ಡ್ರೈನೇಜ್ ಸಬ್‌ಮರ್ಸಿಬಲ್ ಪಂಪನ್ನೇ ಕೊಳ್ಳಿ. ಮೋಟಾರು ಪೂರ್ತಿ ಮುಳುಗಿಯೇ ಇರಬೇಕಾದ ಓಪನ್‌ವೆಲ್ ಪಂಪ್ ಇಲ್ಲಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಡಬ್ಬಿಯ ಮೇಲೆ ಬರೆದ ಗರಿಷ್ಠ ಹರಿವನ್ನು ನೋಡದೆ, ನಿಮ್ಮ ಎತ್ತರಕ್ಕೆ ಅದು ಎಷ್ಟು ಎತ್ತುತ್ತದೆಂಬ ಪಟ್ಟಿಯನ್ನು ನೋಡಿ. ನೇರ ಎತ್ತರ 3.5 ಮೀಟರಿದ್ದರೆ ಬೆಂಡು, ವಾಲ್ವುಗಳ ತಡೆ ಸೇರಿಸಿ 5 ಮೀಟರ್ ಎಂದು ಹಿಡಿಯಿರಿ. ಆ ಎತ್ತರದಲ್ಲಿ ನೀವು ಅಳೆದ ಗರಿಷ್ಠ ಒಳಹರಿವಿನ ಎರಡರಷ್ಟು ಎತ್ತಿದರೆ ಸಾಕು. ಸಾಮಾನ್ಯ ಮನೆಗೆ ಅರ್ಧ ಎಚ್‌ಪಿ ಮೀರಿ ಬೇಕಾಗುವುದು ಅಪರೂಪ. ದೊಡ್ಡ ಪಂಪ್ ಕ್ಷಣದಲ್ಲಿ ಗುಂಡಿ ಬರಿದು ಮಾಡಿ ಪದೇ ಪದೇ ಆನ್-ಆಫ್ ಆಗಿ ಬೇಗ ಹಾಳಾಗುತ್ತದೆ.

ಪಂಪ್ ನಿಲ್ಲುವ ಮಟ್ಟ ತಳದಿಂದ 15 ಸೆಂ.ಮೀ., ಶುರುವಾಗುವ ಮಟ್ಟ 45 ಸೆಂ.ಮೀ. ಇರಲಿ. ನಡುವಿನ 30 ಸೆಂ.ಮೀ.ನಲ್ಲಿ 85 ಲೀಟರ್ ಹಿಡಿಯುತ್ತದೆ. ಹಿಂದಿನ ಉದಾಹರಣೆಯ ಒಳಹರಿವಿಗೆ ಸುಮಾರು 10 ನಿಮಿಷಕ್ಕೊಮ್ಮೆ ಪಂಪ್ ಓಡುತ್ತದೆ. ಫ್ಲೋಟ್ ರಿಂಗಿನ ಗೋಡೆಗೂ ವೈರಿಗೂ ತಗಲದಂತೆ ಕೈಯಿಂದ ಎತ್ತಿ ಇಳಿಸಿ ನೋಡಿ. ಹೊರಹೋಗುವ ಪೈಪಿಗೆ ನೀರು ಹಿಂತಿರುಗದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ ಹಾಕಿಸಿ, ಪಂಪಿಗೂ ಎನ್‌ಆರ್‌ವಿಗೂ ನಡುವೆ ಪೈಪಿನಲ್ಲಿ 3ರಿಂದ 4 ಮಿ.ಮೀ. ತೂತು ಕೊರೆಸಿ. ಈ ತೂತಿಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಪಂಪ್ ತಿರುಗಿದರೂ ನೀರು ಮೇಲೇರದೆ ಇರಬಹುದು. ಪಂಪ್ ಎತ್ತಿ ತೊಳೆಯಲು ಅನುಕೂಲವಾಗುವಂತೆ ಒಂದು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪಿನ ಕೀಲು) ಇರಲಿ. ಗುಂಡಿಗೆ ಗಟ್ಟಿ ಮುಚ್ಚಳ ಕಡ್ಡಾಯ, ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗವೂ ಬೇಕು.

ಮಳೆ ಬಂದಾಗಲೇ ಕರೆಂಟು ಹೋಗುತ್ತದೆ, ಅದನ್ನು ಮರೆತು ಮಾಡಿದ ವ್ಯವಸ್ಥೆ ಅಪೂರ್ಣ. ಪಂಪ್ ಶುರುವಾಗುವಾಗ ಓಡುವ ಸಮಯಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುವುದರಿಂದ, ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ತಾಳದಿರಬಹುದು. ಮೇನ್ ಸ್ವಿಚ್ ಆರಿಸಿ, ಇನ್ವರ್ಟರಿನ ಮೇಲೆ ಪಂಪ್ ನಿಜವಾಗಿ ಶುರುವಾಗುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಎದುರಿನಲ್ಲೇ ನೋಡಿ. ಪಂಪಿಗೆ ಪ್ರತ್ಯೇಕ ಲೈನ್, ಅರ್ಥಿಂಗ್ ಮತ್ತು ಆರ್‌ಸಿಸಿಬಿ ಇರಬೇಕು. ಮೊದಲ ಪಂಪಿಗಿಂತ 10-15 ಸೆಂ.ಮೀ. ಮೇಲೆ ಫ್ಲೋಟ್ ಇರುವ ಎರಡನೆಯ ಪಂಪ್, ಅದಕ್ಕೂ ಮೇಲೆ ಗಂಟೆ ಬಾರಿಸುವ ಒಂದು ಅಲಾರಂ ಇಟ್ಟರೆ ಊರಿಗೆ ಹೋದಾಗ ಪಕ್ಕದ ಮನೆಯವರಾದರೂ ಕೇಳಿಸಿಕೊಂಡು ಫೋನ್ ಮಾಡುತ್ತಾರೆ.

ಕೆಲಸ ಮುಗಿದ ಮೇಲೆ ಕಣ್ಣಿಡಬೇಕಾದ ಲಕ್ಷಣಗಳು

ಗುಂಡಿಗೆ ಬರುವ ನೀರು ವಾರಗಳು ಕಳೆದರೂ ಕೆಸರಾಗಿಯೇ ಇದ್ದರೆ ಅಡಿಪಾಯದ ಕೆಳಗಿನ ಮಣ್ಣು ಕೊಚ್ಚಿ ಬರುತ್ತಿದೆ. ಇದನ್ನು ಅಸಡ್ಡೆ ಮಾಡಬೇಡಿ. ಎಂಜಿನಿಯರನ್ನು ಕರೆಸಿ, ಅವರು ಬರುವವರೆಗೆ ಪಂಪನ್ನು ಎಷ್ಟು ಕಡಿಮೆಯಾದರೆ ಅಷ್ಟು ಕಡಿಮೆ ಓಡಿಸಿ. ತುಕ್ಕಿನ ಬಣ್ಣದ ಲೋಳೆ ಕಂಡರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಅಪಾಯವಿಲ್ಲ, ಆದರೆ ತೂತುಗಳನ್ನು ಮುಚ್ಚಿಬಿಡುತ್ತದೆಯಾದ್ದರಿಂದ ಮೂಲೆಯ ಪೈಪುಗಳಿಂದ ವರ್ಷಕ್ಕೆ ಎರಡು ಸಲವಾದರೂ ತೊಳೆಯಿಸಿ. ಮಾರ್ಚ್-ಏಪ್ರಿಲಿನಲ್ಲೂ ಪಂಪ್ ಒಂದೇ ಸಮನೆ ಓಡುತ್ತಿದ್ದರೆ ಮತ್ತೆ ಮೊದಲ ಹಂತಕ್ಕೆ ಹೋಗಿ ಸಂಪ್ ಮತ್ತು ಪೈಪುಗಳನ್ನು ಪರೀಕ್ಷಿಸಿ. ನಿಂತ ಕೂಡಲೇ ಮತ್ತೆ ಶುರುವಾಗುತ್ತಿದ್ದರೆ ಎನ್‌ಆರ್‌ವಿ ಕೆಟ್ಟು ಮೇಲೇರಿದ ನೀರೇ ಹಿಂತಿರುಗುತ್ತಿದೆ.

ಗೋಡೆಯ ಮೇಲಿನ ಬಿಳಿ ಉಪ್ಪು ಕೆಲವು ತಿಂಗಳು ಬರುತ್ತಲೇ ಇರುತ್ತದೆ, ಗೋಡೆಯೊಳಗೆ ಉಳಿದ ತೇವ ಆರುವಾಗ ಅದು ಸಹಜ. ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಸೇರುತ್ತದೆ. ಹೊದಿಸದೆ ಬಿಟ್ಟ ಗೋಡೆಗಳಿಗೆ ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಬಣ್ಣ ಬಳಿಸಬೇಡಿ. ಇನ್ವರ್ಟರ್ ಬ್ಯಾಟರಿ, ಸ್ವಿಚ್ ಬೋರ್ಡು, ಕಾಗದಪತ್ರದ ಪೆಟ್ಟಿಗೆಗಳನ್ನು ನೆಲದಿಂದ ಎತ್ತರದಲ್ಲೇ ಇಡಿ.

ಪ್ರತಿ ವರ್ಷ ಏಪ್ರಿಲ್ ಕೊನೆಯ ವಾರದಲ್ಲಿ, ಮುಂಗಾರು ಪೂರ್ವದ ಮಳೆ ಜೋರಾಗುವ ಮುನ್ನ, ಪಂಪ್ ಎತ್ತಿ ಜಾಲರಿ ತೊಳೆದು, ತಳದ ಹೂಳು ತೆಗೆದು, ಪಂಪ್ ಶುರುವಾಗುವ ಮಟ್ಟದವರೆಗೆ ನೀರು ಸುರಿದು ಫ್ಲೋಟ್ ಏಳುವುದನ್ನು, ಪಂಪ್ ಶುರುವಾಗಿ ತಾನಾಗಿಯೇ ನಿಲ್ಲುವುದನ್ನು ಕಣ್ಣಾರೆ ನೋಡಿ. ಅದೇ ಹೊತ್ತಿಗೆ ಇನ್ನೊಬ್ಬರು ಹೊರಗೆ ಮೋರಿಯ ಬಳಿ ನಿಂತು ನೀರು ಬೀಳುತ್ತಿದೆಯೇ ಎಂದು ಹೇಳಬೇಕು. ಪೈಪಿನ ಬಾಯಿಗೆ ಬೇಸಿಗೆಯಲ್ಲಿ ಇಲಿಗಳು ಕಸ ತುರುಕಿರುತ್ತವೆ, ರಸ್ತೆ ಕೆಲಸದವರು ಮಣ್ಣು ಮುಚ್ಚಿರುತ್ತಾರೆ.